ಗೋಪುರ ಕಟ್ಟುವವನ ಲೆಕ್ಕ



ಯೇಸುಸ್ವಾಮಿಯ ಹಿಂದೆ ದೊಡ್ಡ ಜನಸಮೂಹವೊಂದು ನಡೆದು ಬರುತ್ತಿದೆ. ಯಾವ ಬೋಧಕನಿಗಾದರೂ ಸಂತೋಷ ತರುವ ದೃಶ್ಯವದು. ನಾವಾಗಿದ್ದರೆ ಆ ಜನರ ತಲೆ ಎಣಿಸಿ, ವರದಿ ಬರೆದು, ಧರ್ಮಾಧ್ಯಕ್ಷರ ನಿವಾಸಕ್ಕೆ ಕಳುಹಿಸಿಬಿಡುತ್ತಿದ್ದೆವು. ಆದರೆ ಪ್ರಭು ಮಾಡಿದ್ದೇನು? ನಿಂತು ಹಿಂದಿರುಗಿ ನೋಡಿ, ಅವರಲ್ಲಿ ಅರ್ಧದಷ್ಟು ಜನ ಮನೆಗೆ ಮರಳುವಂಥ ಮಾತುಗಳನ್ನೇ ಆಡಿದರು (ಲೂಕ 14:25-33). ಶಿಲುಬೆಯನ್ನು ಹೊರದವನು ತನ್ನ ಶಿಷ್ಯನಾಗಲಾರ ಎಂದರು. ಹೆತ್ತವರಿಗಿಂತ, ಮಡದಿ ಮಕ್ಕಳಿಗಿಂತ, ಸ್ವಂತ ಪ್ರಾಣಕ್ಕಿಂತ ತನ್ನನ್ನು ಮೇಲಿಡಬೇಕು ಎಂದರು. ಅನಂತರ ಒಂದು ಸಣ್ಣ ಸಾಮತಿ: ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತುಕೊಂಡು, ಕೆಲಸ ಮುಗಿಸಲು ತನ್ನ ಬಳಿ ಹಣವಿದೆಯೇ ಎಂದು ಲೆಕ್ಕ ಹಾಕುವುದಿಲ್ಲವೇ? ಅಸ್ತಿವಾರ ಹಾಕಿ ಕೈಚೆಲ್ಲಿದರೆ ದಾರಿಹೋಕರೆಲ್ಲ ನಗುತ್ತಾರಲ್ಲವೇ?

ಮೈಸೂರಿನವರಾದ ನಮಗೆ ಗೋಪುರವೆಂದರೆ ತಟ್ಟನೆ ಕಣ್ಣಿಗೆ ಕಟ್ಟುವುದು ಸಂತ ಫಿಲೋಮಿನಾ ದೇವಾಲಯದ ಆ ಎರಡು ಗೋಪುರಗಳು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಆ ದೇವಾಲಯಕ್ಕೆ ಅಡಿಗಲ್ಲು ಇಟ್ಟರು. ಗೋಪುರಗಳ ಎತ್ತರ 175 ಅಡಿ. ದಸರಾ ಬಂತೆಂದರೆ ಬಸ್ಸುಗಟ್ಟಲೆ ಜನ ಬಂದು, ಕತ್ತೆತ್ತಿ ನೋಡಿ, ಫೋಟೋ ತೆಗೆಸಿಕೊಂಡು, ನೆಲಮಾಳಿಗೆಯಲ್ಲಿರುವ ಸಂತಳ ಪ್ರತಿಮೆಗೆ ಕೈಮುಗಿದು, ಅಲ್ಲಿಂದ ಅರಮನೆಗೋ ಮೃಗಾಲಯಕ್ಕೋ ಹೋಗುತ್ತಾರೆ. ಅವರನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ, ಅವರು ಪ್ರವಾಸಿಗಳು. ಪ್ರತಿ ಭಾನುವಾರ ಅದೇ ಬಾಗಿಲಿನಿಂದ ಒಳಬರುವ ನಾವು ಯಾರು ಎಂಬುದೇ ನನ್ನ ಪ್ರಶ್ನೆ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಡೆನ್ಮಾರ್ಕಿನ ಕೀರ್ಕೆಗಾರ್ಡ್ ಎಂಬ ಚಿಂತಕನ ಪರಿಚಯವಾಗುತ್ತದೆ. ಅವನು ಕಥೋಲಿಕನಲ್ಲ, ಓದಲು ಸುಲಭದವನೂ ಅಲ್ಲ. ಆದರೆ 1850ರಲ್ಲಿ ಅವನು ಪ್ರಕಟಿಸಿದ ಒಂದು ಗ್ರಂಥದಲ್ಲಿರುವ ವಿಚಾರ ನಮ್ಮ ಧರ್ಮಕೇಂದ್ರಗಳಿಗೆ ಚೆನ್ನಾಗಿಯೇ ಹೊಂದುತ್ತದೆ. ಕ್ರಿಸ್ತನನ್ನು ಮೆಚ್ಚುವವನೇ ಬೇರೆ, ಹಿಂಬಾಲಿಸುವವನೇ ಬೇರೆ ಎನ್ನುತ್ತಾನೆ ಅವನು. ಮೆಚ್ಚುವವನಿಗೆ ತನ್ನ ಬದುಕಿನಲ್ಲಿ ಏನನ್ನೂ ಬದಲಿಸಿಕೊಳ್ಳುವ ಅಗತ್ಯವಿಲ್ಲ. ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸಾಕು. ಹಿಂಬಾಲಿಸುವವನಾದರೋ ತಾನು ಮೆಚ್ಚಿದಂತೆ ಆಗಲು ಹೆಣಗುತ್ತಾನೆ. ಗಾಂಧೀಜಿ ಗಿರಿಪ್ರವಚನವನ್ನು ಮೆಚ್ಚಿದರೆಂದು ಹೇಳಿಕೊಳ್ಳಲು ನಮಗೆ ಬಹಳ ಹೆಮ್ಮೆ. ಅದನ್ನು ಅವರು ಮೆಚ್ಚಿದ್ದಷ್ಟೇ ಅಲ್ಲ, ಆಚರಣೆಗೆ ತರಲು ಪ್ರಯತ್ನಿಸಿದರು ಎಂಬುದನ್ನು ಮಾತ್ರ ಮೆಲ್ಲಗೆ ಮರೆತುಬಿಡುತ್ತೇವೆ.

ನಮ್ಮ ನೆರೆಯ ಶ್ರೀರಂಗಪಟ್ಟಣದಲ್ಲೇ ಈ ಪ್ರಶ್ನೆ ಒಮ್ಮೆ ಬಹಳ ಕಟುವಾಗಿ ಎದ್ದಿತ್ತು. ನಮ್ಮ ಯುವಕರಲ್ಲಿ ಎಷ್ಟು ಮಂದಿ ಆ ಕಥೆ ಕೇಳಿದ್ದಾರೋ ಕಾಣೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1792ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, ಆಗತಾನೇ ಗುರುದೀಕ್ಷೆ ಪಡೆದಿದ್ದ ಜಾನ್ ಆಂತ್ವಾನ್ ದ್ಯುಬುವಾ ಎಂಬ ತರುಣ ಗುರು ಪ್ಯಾರಿಸಿನ ವಿದೇಶಿ ಮಿಷನ್ ಸಂಸ್ಥೆಯ ವತಿಯಿಂದ ಭಾರತಕ್ಕೆ ಹೊರಟರು. ಇಲ್ಲಿನ ಜನರ ಹಾಗೆ ಉದ್ದ ಅಂಗಿ ತೊಟ್ಟರು, ತಲೆಗೆ ಪೇಟ ಸುತ್ತಿದರು, ಮಾಂಸಾಹಾರ ಬಿಟ್ಟರು, ಜನರ ಭಾಷೆ ಕಲಿತರು. ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ಅವರ ಚಿತ್ರ ನೋಡಿದರೆ ಫ್ರೆಂಚ್ ಪಾದ್ರಿಯೆಂದು ಯಾರೂ ಹೇಳಲಾರರು. ಜನ ಅವರನ್ನು ದೊಡ್ಡ ಸ್ವಾಮಿಗಳೆಂದು ಕರೆದರು. ನಾವು ಅಬ್ಬೆ ದ್ಯುಬುವಾ ಎನ್ನುತ್ತೇವೆ. ಗಂಜಾಂನ ದೇವಾಲಯ ಇಂದಿಗೂ ಅವರ ಹೆಸರಿನೊಂದಿಗೇ ಗುರುತಿಸಿಕೊಂಡಿದೆ.

1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಮೇಲೆ ಅವರು ಈ ಸೀಮೆಗೆ ಬಂದರು. ಆಗ ಇಲ್ಲಿದ್ದದ್ದು ಚೆದುರಿಹೋದ ಮಂದೆ. ಮೈಸೂರು ಸೀಮೆಯಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು 1640ರ ದಶಕದ ಕೊನೆಯಲ್ಲಿ ಬಿತ್ತಿದ ಬೀಜದಿಂದ ಬೆಳೆದುಬಂದಿದ್ದ ಹಳೆಯ ಕ್ರೈಸ್ತರು ಒಂದು ಕಡೆ. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯಿಂದ ಸೆರೆಹಿಡಿದು ಘಟ್ಟ ಹತ್ತಿಸಿ ತರಲಾಗಿದ್ದ ಕೆನರಾ ಕ್ರೈಸ್ತರು ಇನ್ನೊಂದು ಕಡೆ. ಅವರ ಸಂಖ್ಯೆ 60,000ಕ್ಕೂ ಹೆಚ್ಚೆಂದು ದ್ಯುಬುವಾ ಬರೆಯುತ್ತಾರೆ. ಇತಿಹಾಸಕಾರರು ಬೇರೆ ಬೇರೆ ಲೆಕ್ಕ ಕೊಡುತ್ತಾರೆ. ಹದಿನೈದು ವರ್ಷಗಳ ಸೆರೆಯಲ್ಲಿ ಅನೇಕರು ಸತ್ತರು, ಅನೇಕರ ಮತವನ್ನು ಬಲವಂತವಾಗಿ ಬದಲಿಸಲಾಯಿತು. (ಈ ಇತಿಹಾಸವನ್ನು ಇಂದಿನ ನೆರೆಹೊರೆಯವರ ಮೇಲೆ ಎಸೆಯುವ ಕಲ್ಲಾಗಿ ಮಾಡಿಕೊಳ್ಳುವವರಿದ್ದಾರೆ. ಯೇಸುವಿನ ಶಿಷ್ಯರಿಗೆ ಅದು ತಕ್ಕದ್ದಲ್ಲ.) ಹೀಗೆ ಚದುರಿದವರನ್ನು ಕೂಡಿಸಿ ಮತ್ತೆ ಧರ್ಮಸಭೆಯ ಮಡಿಲಿಗೆ ತರುವುದೇ ದ್ಯುಬುವಾ ಅವರ ಮೊದಲ ಕೆಲಸವಾಯಿತು. ಬಡವರಿಗೆ ಬೇಸಾಯದ ನೆಲೆಗಳನ್ನು ಮಾಡಿಕೊಟ್ಟರು. ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳಲು ಜನ ಹೆದರುತ್ತಿದ್ದ ಕಾಲದಲ್ಲಿ, 1803-04ರಲ್ಲಿ, ಅವರ ಶ್ರಮದಿಂದ 25,000ಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದರು. ಅವರಲ್ಲಿ ಕ್ರೈಸ್ತರೆಷ್ಟು, ಅನ್ಯರೆಷ್ಟು ಎಂದು ದೇವಿಯ ಬೇನೆ ನೋಡುವುದಿಲ್ಲ, ಅವರೂ ನೋಡಲಿಲ್ಲ.

ಮೂವತ್ತು ವರ್ಷ ಹೀಗೆ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅವರು ಅದೇ ವರ್ಷ ಒಂದು ಪತ್ರಸಂಕಲನವನ್ನು ಪ್ರಕಟಿಸಿದರು. ಅದನ್ನು ಓದಿದರೆ ಎದೆ ಭಾರವಾಗುತ್ತದೆ. ಇಷ್ಟು ವರ್ಷಗಳಲ್ಲಿ, ಒಬ್ಬ ದೇಶೀಯ ಗುರುವಿನ ನೆರವಿನೊಂದಿಗೆ, ತಾನು ಕ್ರೈಸ್ತಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ ಎನ್ನುತ್ತಾರೆ. ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲಗೇರಿಯವರು ಹಾಗೂ ಭಿಕ್ಷುಕರು, ಉಳಿದವರು ದಿಕ್ಕಿಲ್ಲದವರು, ಮದುವೆಗೋ ಬೇರಾವುದೋ ಅನುಕೂಲಕ್ಕೋ ಬಂದವರು ಎಂದು ಬಿಚ್ಚಿ ಬರೆಯುತ್ತಾರೆ. ಕೆನರಾದ ಸೆರೆಯಾಳುಗಳ ಬಗ್ಗೆಯಂತೂ ಇನ್ನೂ ಕಠಿಣ ಮಾತು: ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡುವ ಧೈರ್ಯ ಒಬ್ಬರಿಗೂ ಇರಲಿಲ್ಲ ಎಂಬುದು ಅವರ ದೂರು.

ಈ ಪತ್ರಗಳ ಮೇಲೆ ಆ ಕಾಲದಲ್ಲೇ ದೊಡ್ಡ ವಾದವಿವಾದ ನಡೆಯಿತು. ನಮ್ಮ ಮುಂದಿರುವ ಪ್ರಶ್ನೆ ಬೇರೆ. ಶಿಷ್ಯನನ್ನು ಅಳೆಯುವ ಅಳತೆಗೋಲು ಯಾವುದು?

ದ್ಯುಬುವಾ ಅವರ ಎರಡು ತೀರ್ಪುಗಳಲ್ಲಿ ನಾನು ಒಂದರ ಅರ್ಧವನ್ನು ಒಪ್ಪುತ್ತೇನೆ, ಇನ್ನೊಂದನ್ನು ಒಪ್ಪುವುದಿಲ್ಲ. ಅನುಕೂಲಕ್ಕಾಗಿ ಬಂದವರು ಎನ್ನುತ್ತಾರಲ್ಲ, ಅದರಲ್ಲಿ ಸತ್ಯವಿದೆ. ಆದರೆ ಬಡವರು, ಬೇಡುವವರು ಎಂದು ಹೇಳುವಾಗ ಅದೊಂದು ಕೊರತೆ ಎನ್ನುವ ಧ್ವನಿ ಕೇಳಿಸುತ್ತದಲ್ಲ, ಅದು ಶುಭಸಂದೇಶದ ಧ್ವನಿಯಲ್ಲ. ಜೆರಿಕೋವಿನ ದಾರಿ ಬದಿಯಲ್ಲಿ ಕುಳಿತಿದ್ದ ಬಾರ್ತಿಮಾಯನು ಭಿಕ್ಷುಕನೇ ಅಲ್ಲವೇ? ತನ್ನ ಕಷ್ಟಕ್ಕಾಗಿಯೇ ಅವನು ಕೂಗಿಕೊಂಡ. ಕಣ್ಣು ಬಂದ ಮೇಲೆ ಅವನು ಮನೆಗೆ ಹೋಗಲಿಲ್ಲ, ಯೇಸುವಿನ ಹಿಂದೆ ದಾರಿ ಹಿಡಿದ (ಮಾರ್ಕ 10:46-52). ಅದೇ ಅಧ್ಯಾಯದಲ್ಲಿ ಅವನಿಗಿಂತ ಮುಂಚೆ ಒಬ್ಬ ಸಿರಿವಂತ ಬಂದಿದ್ದ. ಅವನಿಗೆ ಯಾವ ಅನುಕೂಲವೂ ಬೇಕಿರಲಿಲ್ಲ, ನಿತ್ಯಜೀವವನ್ನೇ ಕೇಳಿಕೊಂಡು ಬಂದಿದ್ದ. ಮುಖ ಬಾಡಿಸಿಕೊಂಡು ಹಿಂದಿರುಗಿದವನು ಅವನೇ. ಯೇಸುವಿನ ಬಳಿಗೆ ಯಾವ ಕಾರಣಕ್ಕೆ ಬಂದೆವು ಎಂಬುದು ಅಷ್ಟು ಮುಖ್ಯವಲ್ಲ. ಬಂದ ಮೇಲೆ ಆ ಕಾರಣದಲ್ಲೇ ಉಳಿದುಬಿಟ್ಟೆವೋ ಎಂಬುದನ್ನು ಕೇಳಿಕೊಳ್ಳಬೇಕು. ಮಗುವಿನ ಶಾಲೆಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು, ಮಗಳ ಮದುವೆಗೆ ಪಾದ್ರಿಯ ಪತ್ರ ಬೇಕು, ಕೊನೆಗೆ ಸಮಾಧಿಭೂಮಿಯಲ್ಲಿ ಆರಡಿ ಜಾಗ ಬೇಕು. ಇಷ್ಟಕ್ಕೇ ಧರ್ಮಕೇಂದ್ರದ ಕಚೇರಿಯ ಮೆಟ್ಟಿಲು ಹತ್ತುವವರು ಹೊಲಗೇರಿಯವರಲ್ಲ, ಭಿಕ್ಷುಕರಂತೂ ಅಲ್ಲ.

ಇನ್ನು ಸೆರೆಯಾಳುಗಳ ವಿಷಯ. ಬೆದರಿಕೆಯ ಮುಂದೆ ಬಾಗಿದವರನ್ನು ಹೇಡಿಗಳೆನ್ನುವುದು ಸುಲಭ. ಆದರೆ 1799ರ ನಂತರ ಏನಾಯಿತು? ಹದಿನೈದು ವರ್ಷ ದೇವಾಲಯವಿಲ್ಲದೆ, ದಿವ್ಯಬಲಿಪೂಜೆ ಇಲ್ಲದೆ ಬದುಕಿದ ಆ ಜನ ಬಿಡುಗಡೆಯಾದೊಡನೆ ಸಾವಿರಾರು ಸಂಖ್ಯೆಯಲ್ಲಿ ಮರಳಿ ಘಟ್ಟ ಇಳಿದು ಕರಾವಳಿಗೆ ನಡೆದರು. ಅಲ್ಲಿ ಅವರ ಭೂಮಿ ಪರರ ಪಾಲಾಗಿತ್ತು, ಚರ್ಚುಗಳು ನೆಲಸಮವಾಗಿದ್ದವು. ಅವುಗಳನ್ನು ಮತ್ತೆ ಕಟ್ಟಿದರು. ವಿಶ್ವಾಸವನ್ನು ಬಿಟ್ಟುಬಿಡಲು ಅವರಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇರಲಿಲ್ಲ, ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೂ ಮರಳಿದರು. ಒಂದು ಕ್ಷಣದಲ್ಲಿ ತಲೆ ಕೊಡುವುದು ಸಾಕ್ಷ್ಯವೇ ಸರಿ. ಹದಿನೈದು ವರ್ಷ ಕಾದು ಮರಳಿ ನಡೆದು ಬರುವುದೂ ಸಾಕ್ಷ್ಯವಲ್ಲವೇ? ಬೆಂಕಿ ಕಾಯಿಸಿಕೊಳ್ಳುತ್ತ ಪ್ರಭುವನ್ನು ಅರಿಯೆನೆಂದ ಪೇತ್ರನು ಆ ರಾತ್ರಿಯ ಪರೀಕ್ಷೆಯಲ್ಲಿ ಸೋತ. ಪ್ರಭು ಆ ಉತ್ತರಪತ್ರಿಕೆಯನ್ನು ಕೊನೆಯದೆಂದು ಪರಿಗಣಿಸಲಿಲ್ಲ.

ಪೇತ್ರನ ಮಾತು ಬಂತೆಂದು ಹೇಳುತ್ತೇನೆ. ತಿಬೇರಿಯ ಸರೋವರದ ದಡದಲ್ಲಿ ಯೇಸು ಅವನನ್ನು ಮೂರು ಸಲ ಕೇಳಿದ ಪ್ರಶ್ನೆ ನಮಗೆ ಗೊತ್ತೇ ಇದೆ. ಅದರ ನಂತರದ ನಾಲ್ಕು ಸಾಲುಗಳನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ (ಯೊವಾನ್ನ 21:20-22). ತನ್ನನ್ನು ಹಿಂಬಾಲಿಸು ಎಂದು ಪ್ರಭು ಹೇಳಿದ ಕೂಡಲೇ ಪೇತ್ರ ಹಿಂದಿರುಗಿ ನೋಡಿ, ಬರುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ತೋರಿಸಿ, ಇವನ ಗತಿ ಏನು ಎಂದು ಕೇಳುತ್ತಾನೆ. ಎಂಥ ನಮ್ಮವನು ಈ ಪೇತ್ರ! ಪೂಜೆಗೆ ಬರಲು ಹೇಳಿದರೆ ಪಕ್ಕದ ಮನೆಯವರು ಬರುವುದಿಲ್ಲವಲ್ಲ ಎನ್ನುತ್ತೇವೆ. ಲಂಚ ತೆಗೆದುಕೊಳ್ಳಬೇಡಿ ಎಂದರೆ ಎಲ್ಲರೂ ತೆಗೆದುಕೊಳ್ಳುತ್ತಾರಲ್ಲ ಸ್ವಾಮಿ ಎನ್ನುತ್ತೇವೆ. ಅದು ನಿನಗೇಕೆ, ನೀನು ಬಾ ಎಂಬ ಅರ್ಥದಲ್ಲಿ ಪ್ರಭು ಅವನ ಮಾತನ್ನು ಅಲ್ಲೇ ಕತ್ತರಿಸಿದರು. ಶಿಷ್ಯತ್ವದ ಕರೆ ಬರುವುದು ಹೆಸರು ಹಿಡಿದು. ಅದಕ್ಕೆ ಗುಂಪಿನಲ್ಲಿ ಗೋವಿಂದ ಎಂದು ಉತ್ತರಿಸಲಾಗುವುದಿಲ್ಲ.

ಹಾಗಾದರೆ ಹಸುಳೆಗೆ ಜ್ಞಾನಸ್ನಾನ ಕೊಡುವುದೇಕೆ, ಅದಕ್ಕೆ ಆಯ್ಕೆ ಎಲ್ಲಿದೆ ಎಂದು ನಮ್ಮ ಕಾಲೇಜು ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಗದರಿಸಿ ಕೂರಿಸಬೇಡಿ. ತಾಯಿ ಮಗುವಿಗೆ ಕನ್ನಡ ಕಲಿಸುವಾಗ ಯಾವ ಭಾಷೆ ಬೇಕೆಂದು ಕೇಳುವುದಿಲ್ಲ, ತನಗಿರುವ ಒಳ್ಳೆಯದನ್ನು ಕೊಡುತ್ತಾಳೆ. ವಿಶ್ವಾಸವೂ ಹಾಗೆ ಮೊದಲು ವರವಾಗಿ ಬರುತ್ತದೆ. ಆದರೆ ಕಲಿತ ಭಾಷೆಯಲ್ಲಿ ಸ್ವಂತ ಮಾತನ್ನು ಆಡಬೇಕಾದವನು ಮಗನೇ, ತಾಯಿ ಅಲ್ಲ. ಪಾಸ್ಕ ಜಾಗರಣೆಯ ರಾತ್ರಿ ನೀವು ಗಮನಿಸಿದ್ದೀರಾ? ಕೈಯಲ್ಲಿ ಮೇಣದ ಬತ್ತಿ ಹಿಡಿದು ನಾವೆಲ್ಲ ಒಟ್ಟಿಗೆ ನಿಂತಿರುತ್ತೇವೆ. ಆದರೂ ಉತ್ತರ ಮಾತ್ರ ಏಕವಚನದಲ್ಲಿ: ವಿಶ್ವಾಸಿಸುತ್ತೇನೆ. ನನಗಾಗಿ ನನ್ನ ಜ್ಞಾನತಂದೆ ಹೇಳಿದ್ದನ್ನು ಈಗ ನಾನೇ ಹೇಳಬೇಕು. ಮೇಣ ಕೈಮೇಲೆ ಬಿದ್ದೀತೆಂಬ ಚಿಂತೆಯಲ್ಲೇ ಆ ಉತ್ತರವನ್ನು ಹೇಳಿ ಮುಗಿಸುವವರೂ ಇದ್ದಾರೆ, ಇರಲಿ.

ಈ ಪುಟವನ್ನು ಓದುವವರು ಹೆಚ್ಚಾಗಿ ಸಂಸಾರಸ್ಥರು. ತಂದೆ ತಾಯಿಯನ್ನು ದ್ವೇಷಿಸಬೇಕು ಎಂಬಂತೆ ಕೇಳಿಸುವ ಲೂಕನ ವಾಕ್ಯ ನಿಮ್ಮಲ್ಲಿ ಕೆಲವರನ್ನು ಕಾಡಿರಬಹುದು. ಅದು ಆ ನಾಡಿನ ಮಾತಿನ ರೀತಿ. ಎರಡರಲ್ಲಿ ಒಂದನ್ನು ಹೆಚ್ಚು ಪ್ರೀತಿಸು ಎನ್ನುವುದನ್ನು ಅವರು ಹಾಗೆ ಹೇಳುತ್ತಿದ್ದರು. ಮತ್ತಾಯನು ಅದೇ ಬೋಧನೆಯನ್ನು ಇನ್ನಷ್ಟು ಬಿಡಿಸಿ ಬರೆದಿದ್ದಾನೆ (10:37). ಆದರೂ ಅದರ ಮೊನೆ ಮೊಂಡಾಗುವುದಿಲ್ಲ. ನಮ್ಮ ಮನೆಗಳಲ್ಲಿ ಯೇಸುವಿಗೂ ಕುಟುಂಬಕ್ಕೂ ಜಗಳ ಬೀಳುವುದು ಎಲ್ಲಿ? ನಾನು ಕಂಡಂತೆ ಮದುವೆಯ ಮಾತುಕತೆಯಲ್ಲಿ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ನಮ್ಮವರು ಆ ಪದವನ್ನು ಬಿಟ್ಟಿದ್ದಾರೆ, ಪದಾರ್ಥವನ್ನು ಬಿಟ್ಟಿಲ್ಲ. 'ನಾವೇನೂ ಕೇಳಿಲ್ಲ ಸ್ವಾಮಿ, ಅವರಾಗಿಯೇ ಮಗಳಿಗೆ ಕೊಟ್ಟರೆ ಬೇಡವೆನ್ನಲಾಗುತ್ತದೆಯೇ?' ಆ ಹೊತ್ತಿನಲ್ಲಿ ಮದುಮಗ ತಲೆತಗ್ಗಿಸಿ ಕುಳಿತಿರುತ್ತಾನೆ. ಯುವಜನ ಕೂಟದಲ್ಲಿ ಗಿಟಾರ್ ನುಡಿಸಿದವನು, ವೇದಪಾಠ ಓದಿದವನು. 'ಬೇಡಮ್ಮ, ನಾನು ತೆಗೆದುಕೊಳ್ಳುವುದಿಲ್ಲ' ಎಂಬ ಮಾತು ಅವನ ಬಾಯಿಂದ ಆಗ ಬರದಿದ್ದರೆ ಅಷ್ಟು ವರ್ಷ ಓದಿದ ವೇದಪಾಠ ಯಾವುದಕ್ಕೆ? ಹಾಗೆ ಹೇಳಿದ ಹುಡುಗರನ್ನೂ ನಾನು ಬಲ್ಲೆ. ತಾಯಿ ತಿಂಗಳುಗಟ್ಟಲೆ ಮುಖ ಕೊಟ್ಟು ಮಾತನಾಡಲಿಲ್ಲ. ತಾಯಿಯನ್ನು ಅವರು ದ್ವೇಷಿಸಿದರೇ? ಇಲ್ಲ. ಆದರೆ ಲೂಕನ ಆ ವಾಕ್ಯದ ಭಾರ ಅವರಿಗೆ ಗೊತ್ತು.

ಲಂಚ ಮುಟ್ಟದ ಗುಮಾಸ್ತನ ಮನೆಯ ಲೆಕ್ಕವೂ ಹೀಗೆಯೇ. ನಿರ್ಧಾರ ಅವನದು, ಬೆಲೆ ತೆರುವುದು ಇಡೀ ಮನೆ. ಜೊತೆಯಲ್ಲಿ ಕೆಲಸಕ್ಕೆ ಸೇರಿದವರು ಮಹಡಿ ಎಬ್ಬಿಸಿರುತ್ತಾರೆ, ಇವನ ಹೆಂಡತಿ ಇನ್ನೂ ಬಾಡಿಗೆ ಮನೆಯಲ್ಲಿ ನೀರು ಹಿಡಿಯುತ್ತಿರುತ್ತಾಳೆ. ನೆಂಟರ ಮನೆಯ ಶುಭಕಾರ್ಯಕ್ಕೆ ಹೋದಾಗ ಚುಚ್ಚುಮಾತು ಕೇಳುವವಳು ಅವಳೇ. ಆದ್ದರಿಂದ ಗಂಡಸರಿಗೆ ಒಂದು ಮಾತು: ಪ್ರಾಮಾಣಿಕತೆಯ ವ್ರತವನ್ನು ಒಬ್ಬರೇ ತೊಟ್ಟು, ಅದರ ಉಪವಾಸವನ್ನು ಹೆಂಡತಿ ಮಕ್ಕಳ ಮೇಲೆ ಸುಮ್ಮನೆ ಹೇರಬೇಡಿ. ಕುಳಿತು ಮಾತನಾಡಿ. ಗೋಪುರ ಕಟ್ಟುವವನು ಮೊದಲು ಕುಳಿತುಕೊಂಡ ಎಂದು ಪ್ರಭು ಹೇಳಿದ್ದು ಸುಮ್ಮನೆಯೇ? ಏಕೆ ಹೀಗೆ ಬದುಕುತ್ತಿದ್ದೇವೆ ಎಂಬುದು ಮನೆಯ ಚಿಕ್ಕ ಮಗುವಿಗೂ ಗೊತ್ತಿರಬೇಕು.

ಸಂಸಾರಸ್ಥನೊಬ್ಬ ಇದನ್ನು ಎಲ್ಲಿಯವರೆಗೆ ಕೊಂಡೊಯ್ಯಬಹುದು ಎಂಬುದಕ್ಕೆ ನೆರೆನಾಡಿನ ಸಂತ ದೇವಸಹಾಯಂ ಇದ್ದಾರೆ. ತಿರುವಾಂಕೂರಿನ ಮಾರ್ತಾಂಡ ವರ್ಮ ಮಹಾರಾಜರ ಸೇವೆಯಲ್ಲಿದ್ದ ಈ ನಾಯರ್ ಮನೆತನದವರು ಸೇನಾಧಿಕಾರಿ ಡಿ ಲನಾಯ್ ಅವರಿಂದ ಯೋಬನ ಕಥೆ ಕೇಳಿ, 1745ರಲ್ಲಿ ಜ್ಞಾನಸ್ನಾನ ಪಡೆದರು. ಅವರ ಮಡದಿಯೂ ಪಡೆದರು. ಜಾತಿಯ ಗೆರೆ ದಾಟಿ ಎಲ್ಲರೊಡನೆ ಬೆರೆತರು. 1749ರಲ್ಲಿ ಬಂಧನ, ಅನಂತರ ಚಿತ್ರಹಿಂಸೆ, 1752ರ ಜನವರಿ 14ರಂದು ಕಾಟ್ಟಾಡಿಮಲೆಯಲ್ಲಿ ಗುಂಡೇಟಿಗೆ ಬಲಿ. 2022ರ ಮೇ 15ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಆ ಗೌರವ ಪಡೆದ ಮೊದಲಿಗರು ಅವರು. ಅವರ ಭಾವಚಿತ್ರ ತೂಗುಹಾಕಿ, ಮಗನಿಗೆ ಹೆಣ್ಣು ಹುಡುಕುವಾಗ ಜಾತಿ ಕೇಳುವ ಮನೆಗಳು ನಮ್ಮಲ್ಲಿ ಇಲ್ಲವೆನ್ನಲು ನನಗೆ ಧೈರ್ಯವಿಲ್ಲ.

ಇದನ್ನೆಲ್ಲ ಓದಿ, ಶಿಷ್ಯನಾಗಲು ಉಕ್ಕಿನಂಥ ಮನೋಬಲ ಬೇಕು, ನಮ್ಮಂಥವರಿಗಲ್ಲ ಎಂದುಕೊಳ್ಳಬೇಡಿ. ಸ್ವಂತ ಬಲದಿಂದಲೇ ಒಳ್ಳೆಯವರಾಗಬಹುದೆಂದು ಐದನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಎಂಬವನು ಬೋಧಿಸಿದ. ಸಂತ ಅಗಸ್ಟೀನರು ಅದನ್ನು ಎದುರಿಸಿದರು, ಧರ್ಮಸಭೆ ಅದನ್ನು ತಳ್ಳಿಹಾಕಿತು. ಲೂಕನ ಆ ಸಾಮತಿಯನ್ನೇ ಮತ್ತೊಮ್ಮೆ ನೋಡಿ. ಗೋಪುರ ಕಟ್ಟುವವನು ತನ್ನ ಬಳಿ ಎಷ್ಟಿದೆ ಎಂದು ಎಣಿಸುತ್ತಾನೆ. ಆದರೆ ಸಾಮತಿ ಮುಗಿಸುವಾಗ ಪ್ರಭು ಹೇಳುವುದು ತನಗಿರುವುದನ್ನೆಲ್ಲ ಬಿಟ್ಟುಕೊಡದವನು ಶಿಷ್ಯನಾಗಲಾರನೆಂದು (14:33). ಲೆಕ್ಕ ತಲೆಕೆಳಗಾಯಿತಲ್ಲವೇ? ಉಳಿದ ಗೋಪುರಗಳಿಗೆ ಕೈಯಲ್ಲಿ ಇದ್ದಷ್ಟೂ ಒಳ್ಳೆಯದು. ಈ ಗೋಪುರಕ್ಕೆ ಕೈ ಬರಿದಾದಷ್ಟೂ ಒಳ್ಳೆಯದು, ಏಕೆಂದರೆ ಕಟ್ಟುವವನು ಬೇರೆ ಇದ್ದಾನೆ. ಅವನಿಗೆ ಅಡ್ಡಬರುವ ಸಾಮಾನನ್ನು ನಿವೇಶನದಿಂದ ತೆಗೆಯುವುದು ನಮ್ಮ ಕೆಲಸ. ಕೆಲವರ ನಿವೇಶನದಲ್ಲಿ ಅದು ಹಣ, ಕೆಲವರಲ್ಲಿ ಹಳೆಯ ದ್ವೇಷ, ಬಾಟಲಿ, ಇನ್ನು ಕೆಲವರಲ್ಲಿ ನಾನು ಧರ್ಮಕೇಂದ್ರದ ಮುಖಂಡ ಎಂಬ ಬಿಗುಮಾನ. ಈ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಬರುವಾಗ ಪಾಪಗಳ ಪಟ್ಟಿಯ ಜೊತೆಗೆ ಇದೊಂದನ್ನು ಹೆಸರಿಸಿಕೊಂಡು ಬಂದರೆ ಒಳ್ಳೆಯದು.

ಅಬ್ಬೆ ದ್ಯುಬುವಾ ಅವರನ್ನು ಅರ್ಧದಾರಿಯಲ್ಲೇ ಬಿಟ್ಟುಬಂದೆ. 1823ರ ಆ ನಿರಾಶೆಯ ಪತ್ರಗಳನ್ನು ಓದಿದವರು, ಈ ಗುರು ಇನ್ನು ಮಿಷನ್ನಿನ ಸಹವಾಸವೇ ಬೇಡವೆಂದು ಊರು ಸೇರಿರಬೇಕು ಎಂದುಕೊಳ್ಳುತ್ತಾರೆ. ಅವರು ಹೋದದ್ದು ಪ್ಯಾರಿಸಿನ ವಿದೇಶಿ ಮಿಷನ್ ಗುರುಮಠಕ್ಕೆ, ತಾವು ಹೊರಟಿದ್ದ ಅದೇ ಮನೆಗೆ. ಅಲ್ಲಿ ನಿರ್ದೇಶಕರಲ್ಲೊಬ್ಬರಾಗಿ, ಮುಂದೆ ಅದರ ಮುಖ್ಯಸ್ಥರಾಗಿ ದುಡಿದು, 1848ರಲ್ಲಿ ತೀರಿಕೊಂಡರು. ಇನ್ನೂರು ಮುನ್ನೂರು ಎಂದು ಲೆಕ್ಕ ಒಪ್ಪಿಸಿದ ಮೇಲೂ ಇಪ್ಪತ್ತೈದು ವರ್ಷ ಅವರು ಮಾಡಿದ್ದು ಏಷ್ಯಾದ ನಾಡುಗಳಿಗೆ ಹೊರಡುವ ತರುಣ ಗುರುಗಳನ್ನು ಸಿದ್ಧಪಡಿಸುವ ಕೆಲಸವನ್ನೇ.